ಫರಸಿ ಹಾಸಿದ ಬಸ್ಸು

ಮೊನ್ನೆ ಸಿಂದಗಿಯಿಂದ ಬಸವನ ಬಾಗೇವಾಡಿಗೆ ಹೊಂಟಿದ್ನಿ. ದೇವರ ಹಿಪ್ಪರಗ್ಯಾಗ ಬಸ್ ನಿಂತಾಗ ಕಿಡಕ್ಯಾಗಿಂದ ಒಂದು ವಾಸನಿ ಬಂತು ನೋಡ್ರಿ. ಡೀಸಲ್ ಹೊಗಿ, ಅದರ ಸಂಗಾಟ ಹಸಿ ಗೋದಿ ಹಿಟ್ಟು. ಸ್ಟ್ಯಾಂಡಿನ ಹಿಂದ ಯಾರೋ ಶಾವಿಗಿ ಮಷಿನ್ ಚಾಲೂ ಮಾಡಿದ್ರು. ಬಾಜೂಕ ಕುಂತಾಕಿ ಮೂಗಿಗೆ ಸೆರಗ ಹಿಡಕೊಂಡಳು. ನನಗ ಮಾತ್ರ ಬಲಗೈ ಮ್ಯಾಲಿನ ಸುಟ್ಟ ಕಲಿ ತುರಸಾಕ ಹತ್ತಿತು. ಅದು ಒಲಿಯಾಗ ಕಾಸಿದ ಚಿಮಟಗಿಲೆ ಸುಟ್ಟಿದ್ದು. ಸುಟ್ಟಾಂವ ನಮ್ಮ ಭಾವ, ನನ್ನ ಗಂಡನ ಅಣ್ಣ ಸಂಗಪ್ಪ. ಎದುರಿಗೆ ಬಂದ್ರ ಇವತ್ತಿಗೂ 'ಭಾವಾರ' ಅಂತೇನಿ. ಬರಿಯೋ ಹೊತ್ತಿನ್ಯಾಗ ಅಷ್ಟು ಮರ್ಯಾದಿ ಕೊಡಾಕ ನನ್ನ ಕೈ ಒಲ್ಲಂತೈತಿ.

ಹೊರ್ತಿ ಊರಾಗ ನಮ್ಮವರದು ಲಿಂಬಿ ತೋಟದ ಮನಿ. ಅತ್ತಿ ಮಾವ ತೀರಿದ ಮ್ಯಾಲ ಮನಿಯಾಗ ಭಾವನ ಮಾತೇ ಮಾತು, ಭಾವನ ಕೈಯೇ ಕೈ. ಎತ್ತಿಗೂ ಬಡೀತಿದ್ದ, ತಮ್ಮಗೂ ಬಡೀತಿದ್ದ, ತಮ್ಮ ಅಂದ್ರ ನಮ್ಮವರು, ಈರಣ್ಣ. ಅವನ ಹೇಣ್ತಿ ಹೊಡೆತಕ್ಕ ಬ್ಯಾಸತ್ತು ತವರಮನಿಗೆ ಹೋದಾಕಿ ಹೊಳ್ಳಿ ಈ ಕಡೆ ಮುಖಾ ಹಾಕಲಿಲ್ಲ. ಒಂದಿನ ಮುಂಜಾನೆ ಬುತ್ತಿ ರೊಟ್ಟಿ ಜರಾ ಸೀದು ಹೋದ್ವು. ಅಷ್ಟಕ್ಕ ಚಿಮಟಗಿ ಕಾಸಿ ನನ್ನ ಕೈಗೆ ಇಟ್ಟ. ನಮ್ಮವರು ಬಾಗಲದಾಗೇ ನಿಂತಿದ್ರು. ನಿಂತು ತಮ್ಮ ಕಾಲ ಉಗುರು ನೋಡಕೋತ ಇದ್ರು. ಸುಟ್ಟ ಉರಿಗಿಂತ ಅದು ನನಗ ಹೆಚ್ಚ ಉರೀತು.

ಅವತ್ತೇ ಟ್ರಂಕ ತಗೊಂಡು ಆಲಮೇಲಕ್ಕ, ನಮ್ಮ ಅವ್ವನ ಮನಿಗೆ ಹೊಂಟ್ನಿ. ಅಂಗಳದಾಗ ನಿಂತು ನಮ್ಮವರಿಗೆ ಹೇಳಿದ್ನಿ:

"ಈ ಹೊಸ್ತಿಲಾ ನಾ ಇನ್ನ ತುಳಿಯಂಗಿಲ್ಲ. ಒಳಗಿಂದ ಚಿಲಕ ಹಾಕಾಕ ಬರೋ ಬಾಗಲಾ ಇರೋ ಮನಿ ಕೊಡಸ್ರಿ. ಗುಡಸಲಾ ಇರಲಿ, ದನದ ಕೊಟ್ಟಿಗಿ ಇರಲಿ, ನಡೀತೈತಿ. ಚಿಲಕ ಮಾತ್ರ ನನ್ನ ಕೈಯಾಗ ಇರಬೇಕು. ಆಗಂಗಿಲ್ಲ ಅಂದ್ರ ನನ್ನ ಕರಿಯಾಕ ಬರಬ್ಯಾಡ್ರಿ."

ನಮ್ಮವರು ಟ್ರಂಕ ಎತ್ತಿ ನನ್ನ ತಲಿ ಮ್ಯಾಲ ಇಟ್ಟು ಒಳಗ ಹೋದ್ರು. ಮಂದಿ ಗಾಡಿ ಹೊಡದು ದುಡಿಯೋ ಮನಶ್ಯಾ, ಮಾತು ಕಡಿಮಿ. ಮುಗೀತು ಈ ಸಂಸಾರ ಅಂದಕೊಂಡ್ನಿ.

ಚಳಿ ಕಡಿಮಿ ಆಗೋ ಹೊತ್ತಿಗೆ ಒಂದಿನ ಆಲಮೇಲದ ನಮ್ಮ ಓಣ್ಯಾಗ ಕರ್ಕಶ ಹಾರ್ನ್ ಬಡೀತು. ಹೊರಗ ಬಂದು ನೋಡ್ತೇನಿ, ಹಳದಿ ಬಣ್ಣದ ಒಂದು ಸಣ್ಣ ಬಸ್ಸು. ಒಂದ ಕಾಲದಾಗ ಸಾಲಿ ಹುಡುಗರನ ಹೊತ್ತು ತಿರಗತಿದ್ದದ್ದು, ಆಮ್ಯಾಲ ಇಂಡಿಯೊಳಗ ಗುಜರಿ ಅಂಗಡಿ ಹಿಂದ ಜಾಲಿ ಗಿಡದ ಬುಡಕ ಬಿದ್ದಿದ್ದದ್ದು. ಒಂದು ಬಾಗಲಾ ಇಲ್ಲೇ ಇಲ್ಲ. ಇನ್ನೊಂದು ಹಗ್ಗದಲೆ ಕಟ್ಟೇತಿ. ಕಿಡಕಿ ಕಾಜ ಅರ್ಧ ಅದಾವ, ಅರ್ಧ ಇಲ್ಲ. ನಮ್ಮವರು ಕೆಳಗ ಇಳದು, "ಮನಿ ತಂದೀನಿ" ಅಂದ್ರು. ಓಣಿ ಹೆಣಮಕ್ಕಳು ಬಾಯಿಗೆ ಸೆರಗ ಹಿಡದು ನಕ್ಕರು.

"ಏನ್ರಿ ಇದು? ಚಿಲಕ ಹಾಕಾಕ ಬಾಗಲಾನ ಇಲ್ಲಲ್ಲ!" ಅಂದ್ನಿ.

"ಮಾಡೂಣಂತ" ಅಂದ್ರು.

ಖರೇನ ಮೊದಲ ಮಾಡಿದ್ದು ಬಾಗಲಾನ. ಸಿಂದಗಿಗೆ ಒಯ್ದು, ಲಾಲಸಾಬ ಕಾಕಾನ ಗ್ಯಾರೇಜಿನ ಬಾಜೂಕ ನಿಲ್ಲಿಸಿಕೊಂಡ್ವಿ. ವೆಲ್ಡಿಂಗ್ ಸೆಟ್ ಕಾಕಾನದು, ಕೆಲಸ ನಮ್ಮದು. ನಮ್ಮವರು ಕಬ್ಬಿಣದ ಚೌಕಟ್ಟಿಗೆ ದಪ್ಪ ಪತ್ರಾದ ತಗಡು ಹಚ್ಚಿದ್ರು. ಚಿಲಕಕ್ಕ ಅಂಗಡ್ಯಾಗಿಂದು ತರಲಿಲ್ಲ. ಹೊರ್ತಿಯಿಂದ ಬರೋವಾಗ ಸವದು ಮೂಲ್ಯಾಗ ಬಿದ್ದಿದ್ದ ಕುಂಟಿಯ ಕುಡಾ ಒಂದು ತಂದಿದ್ರು, ಹೊಲದಾಗ ಹರಗತೀವಲ್ಲ, ಆ ಕಬ್ಬಿಣ. ಅದನ್ನ ಕಾಸಿ ಬಡದು ಚಿಲಕ ಮಾಡಿದ್ರು. ಹಾಕಿದ್ರ ಠಣ್ ಅಂತಿತ್ತು. ನಾನು ಒಳಗ ಹೋಗಿ ಚಿಲಕ ಹಾಕ್ಕೊಂಡು, "ಒದೀರಿ" ಅಂದ್ನಿ. ನಮ್ಮವರು ಮೆತ್ತಗ ಒದ್ರು.

"ಹಂಗಲ್ರಿ. ನಿಮ್ಮ ಅಣ್ಣ ಒದ್ದಂಗ ಒದೀರಿ."

ಅವರು ನಾಕ ಹೆಜ್ಜಿ ಹಿಂದಕ್ಕ ಸರದದ್ದು ಕೇಳಿಸಿತು. ಆಮ್ಯಾಲ ಧಡ್ ಅಂತ ಬಿತ್ತು ನೋಡ್ರಿ, ಇಡೀ ಬಸ್ಸು ಅಲಗಾಡಿತು. ಬಾಗಲಾ ಅಲಗಲಿಲ್ಲ. ನಮ್ಮವರ ಹೆಬ್ಬಟ್ಟಿನ ಉಗುರು ಕಿತ್ತು ರಕ್ತ ಬಂದಿತ್ತು. ನಾನು ಒಳಗ ಕುಂತು ಅತ್ನಿ. ಭಾಳ ದಿನದ ಮ್ಯಾಲ ಸಂತೋಷಕ್ಕ ಅತ್ನಿ.

ಬಸ್ಸಿನ್ಯಾಗ ಸುಮ್ಮನ ಕುಂತು ಏನ ತಿನ್ನೋದು? ಹಿಂದಿನ ಅರ್ಧಕ್ಕ ಶಾವಿಗಿ ಮಷಿನ್ ಕೂಡಸೋದು, ಮುಂದಿನ ಅರ್ಧಕ್ಕ ಸಂಸಾರ ಹೂಡೋದು, ಬ್ಯಾಸಗಿ ಪೂರಾ ಊರೂರು ತಿರುಗೋದು ಅಂತ ಮಾತಾಡಿಕೊಂಡ್ವಿ. ಸೀಟ ಕೀಳೋದೇ ಒಂದು ಜಗಳಾತು. ಬೋಲ್ಟು ತುಕ್ಕ ಹಿಡದು ಕುಂತಿದ್ವು. ನಾನು ಉಳಿ ಹಿಡೀಬೇಕು, ನಮ್ಮವರು ಸುತ್ತಿಗಿ ಹೊಡೀಬೇಕು. ಒಂದೇಟು ಜಾರಿ ನನ್ನ ಬೆರಳಿಗೆ ಬಿತ್ತು. ನಾನು ಉಳಿ ಒಗದ್ನಿ, ಅದು ಹೋಗಿ ಉಳಿದಿದ್ದ ಒಳ್ಳೆ ಕಾಜಿನ್ಯಾಗ ಒಂದಕ್ಕ ಬಡೀಬೇಕಾ! ಲಾಲಸಾಬ ಕಾಕಾ ಗ್ಯಾರೇಜಿನ್ಯಾಗಿಂದ ಒದರಿದ: "ಏ ಈರಣ್ಣ, ಮನಿ ಕಟ್ಟಾಕತ್ತೀರೋ, ಕೆಡವಾಕತ್ತೀರೋ?"

ಹಂಗೇ ಬಡದಾಡಕೋತ ಕಟ್ಟಿದ್ವಿ. ಕಿತ್ತ ಸೀಟಿನ ಸ್ಪಂಜ ಹಾಸಿಗಿ ಆತು. ಸೀಟಿನ ಪೈಪು ಕೊರದು ಭಾಂಡಿ ಇಡೋ ಅಡ್ಡಣಿಗಿ ಆತು. ಮೊದಲನೇ ಬ್ರೇಕಿಗೇ ಖಾರದ ಡಬ್ಬಿ ನನ್ನ ತಲಿ ಮ್ಯಾಲ ಬಿದ್ದು ಕಣ್ಣ ಕುರುಡಾಗೋದು ಉಳೀತು, ಅವತ್ತೇ ಅದಕ್ಕ ಅಂಚಿನ ಪಟ್ಟಿ ಹಚ್ಚಿಸಿದ್ನಿ. ತಗಡಿನ ಮ್ಯಾಲ ಗೋಣಿಚೀಲಾ ಹಾಸಿ, ಸುಣ್ಣ ಬಳದು, ದಿನಾ ನೀರು ಹೊಡೀತಿದ್ವಿ. ಆದ್ರೂ ನಮ್ಮ ಕಡೆ ಬಿಸಲು ಗೊತ್ತೈತಲ್ರಿ, ಮುಂಜಾನಿಯಿಂದನ ಮೈಮ್ಯಾಲ ಬರತೈತಿ. ಚಾಲಕರ ಸೀಟಿನ ಕಬ್ಬಿಣ ಮುಟ್ಟಿದ್ರ ಚರ್ ಅಂತಿತ್ತು.

ಇಂಡಿ, ಆಲಮೇಲ, ಸಿಂದಗಿ, ಅಲ್ಲಿಂದ ಮುದ್ದೇಬಿಹಾಳದ ಕಡೆ ಅಂತ ತಿರಗಾಕ ಹತ್ತಿದ್ವಿ. ಬಸ್ಸು ನಿಂತ ಕೂಡಲೇ ಹೆಣಮಕ್ಕಳು ಗೋದಿ ಹಿಟ್ಟಿನ ಬುಟ್ಟಿ ಹೊತ್ತ ಬರತಿದ್ರು. ಪಾಳಿ ಸಂಬಂಧ ಜಗಳಾ ಅಂದ್ರ ಜಗಳಾ. ಒಂದೂರಾಗ ಒಬ್ಬಾಕಿ ಇನ್ನೊಬ್ಬಾಕಿ ನಾದಿದ ಹಿಟ್ಟು ಎತ್ತಿ ಮಣ್ಣಾಗ ಒಗದಳು. ಆಕಿ ಈಕಿ ಹೆರಳ ಹಿಡದಳು. ಇಬ್ಬರೂ ಕೂಡಿ ನಡುವ ಬಿಡಿಸಾಕ ಹೋದ ನಮ್ಮವರನ ಬಡದ್ರು. ಸಂಜಿಗೆ ಅವರಿಬ್ಬರೂ ಒಂದೇ ಕೋಲಿಗೆ ಶಾವಿಗಿ ಒಣ ಹಾಕ್ಕೊಂಡು ನಗತಿದ್ರು, ನಮ್ಮವರು ತುಟಿಗೆ ಅರಿಶಿಣ ಹಚ್ಚಕೊಂಡು ಕುಂತಿದ್ರು.

ಎಲ್ಲಾ ಸಹಿಸಿದ್ನಿ, ಆ ಪತ್ರಾದ ನೆಲಾ ಒಂದು ಸಹಿಸಾಕ ಆಗಲಿಲ್ಲ. ಹಗಲಿಗೆ ಅಂಗಾಲ ಬೊಬ್ಬಿ ಬರತಿದ್ವು. ರೊಟ್ಟಿ ಬಡಿಯಾಕ ಕುಂತ್ರ ಇಡೀ ಬಸ್ಸು ಹಲಗಿ ಬಡದಂಗ ಧಡ್ ಧಡ್ ಅಂತಿತ್ತು. ಬಾಜೂ ಓಣಿಯವರು ಏನಾತು ಅಂತ ಓಡಿ ಬರತಿದ್ರು. "ಒಂದು ಮನುಷ್ಯಾರ ನೆಲಾ ಮಾಡಿಕೊಡ್ರಿ" ಅಂತ ದಿನಾ ಕುಟಕತಿದ್ನಿ.

ಮುದ್ದೇಬಿಹಾಳದ ಕಡೆ ಹೋದಾಗ ನಮ್ಮವರು ಏನ ಮಾಡಿದ್ರು ಅಂತೀರಿ? ಆ ಕಡೆ ಮನಿಮನಿಗೂ ಕಲ್ಲಿನ ಫರಸಿನ. ನಮ್ಮ ಮಂದಿಗೆ ನೆಲ ಅಂದ್ರ ಫರಸಿ, ಮತ್ತೊಂದು ತಲಿಗೇ ಹೊಳಿಯಂಗಿಲ್ಲ. ನಾನು ಶಾವಿಗಿ ಒಣಗಸೋದ್ರಾಗ ಇದ್ನಿ, ಇವರು ಒಂದು ಟಂಟಂ ಗಾಡಿ ತುಂಬ ಕಲ್ಲು ತಂದು, ಸಿಮೆಂಟ ಕಲಸಿ, ಬಸ್ಸಿನ ಪತ್ರಾದ ಮ್ಯಾಲ ಈ ಕಡಿಂದ ಆ ಕಡಿತನಾ ಫರಸಿ ಹಾಸಿಬಿಟ್ರು!

ನಾನಾದ್ರೂ ಬ್ಯಾಡ ಅಂದ್ನೇನು? ಬರಿಗಾಲಲೆ ಅದರ ಮ್ಯಾಲ ನಿಂತ ಕೂಡಲೇ ನೆತ್ತಿತನಾ ತಂಪಾತು. ತೊಳದು, ಒರಸಿ, ಬಾಗಲದ ಮುಂದ ರಂಗೋಲಿ ಎಳಿ ಹಾಕಿದ್ನಿ. ರೊಟ್ಟಿ ಬಡದ್ರ ಈಗ ಮನಿಯಾಗ ಬಡದಂಗ ತಪ್ ತಪ್ ಅನ್ನೋದು. ಅವತ್ತಿಂದ ಯಾರೇ ಬರಲಿ, ಚಪ್ಪಲಿ ಹೊರಗ ಬಿಟ್ಟೇ ಮ್ಯಾಲ ಹತ್ತಬೇಕು ಅಂತ ಕಟ್ಟಪ್ಪಣಿ ಮಾಡಿದ್ನಿ. ಸಿಂದಗಿಗೆ ಬಂದಾಗ ಲಾಲಸಾಬ ಕಾಕಾ ನೋಡಿ ಹಣಿ ಬಡಕೊಂಡ.

"ಮೋಟಾರಿಗೆ ಫರಸಿ ಹಾಸಿದಾಂವ ನೀನೇ ಮೊದಲನೇಂವ ನೋಡಪಾ ಈರಣ್ಣ. ಮ್ಯಾಲೊಂದು ಮಾಳಗಿನೂ ಹಾಕಿಬಿಡು."

ನಾವು ನಕ್ವಿ. ನಗೋದು ಭಾಳ ದಿನ ಉಳೀಲಿಲ್ಲ. ಸಿಂದಗಿ ದಾಟಿ ಹಿಪ್ಪರಗಿ ಹತ್ರ ಬರೋದ್ರಾಗ ಒಂದು ತೆಗ್ಗಿಗೆ ಗಾಲಿ ಇಳೀತು. ಗುಂಡ ಹಾರಿದಂಗ ಫಡ್ ಅಂತು. ಹಿಂದಿನ ಪಾಟಾ, ಬಸ್ಸಿನ ಭಾರ ಹೊರೋ ಉಕ್ಕಿನ ಪಟ್ಟಿ, ಒಂದರ ಮ್ಯಾಲೊಂದು ಇದ್ದದ್ದು ಎಲ್ಲಾ ಮುರದಿತ್ತು. ಬಸ್ಸು ಒಂದ ಕಡೆ ಎತ್ತು ಕುಕ್ಕರಿಸಿದಂಗ ಕುಂತಬಿಡ್ತು. ಯಾರದೋ ಟ್ರ್ಯಾಕ್ಟರಿಗೆ ಕಟ್ಟಿ ಊರ ಹೊರಗ ಒಂದು ಬಯಲಿಗೆ ಜಗ್ಗಿಸಿದ್ವಿ. ಸುತ್ತ ಬರೇ ಎರಿ ಹೊಲ, ತೊಗರಿ ಕಟಿಗಿ ಬಿಟ್ರ ಒಂದು ಗಿಡಾ ಇಲ್ಲ.

"ಫರಸಿ ಬೇಕಂದಾಕಿ ನೀನ!" ಅಂತ ನಮ್ಮವರು ಒದರಿದ್ರು.

"ನಾ ನೆಲಾ ಬೇಕಂದ್ನಿ. ಗುಡಿ ಕಟ್ಟರಿ ಅಂದ್ನೇನು?" ಅಂತ ಕೈಯಾಗಿನ ತಾಟು ಒಗದ್ನಿ. ಅವರೂ ಒಂದು ಚರಗಿ ಒಗದ್ರು. ಇಬ್ಬರೂ ಕೂಡಿ ನಮ್ಮ ಭಾಂಡಿ ನಾವ ಚಪ್ಪಟಿ ಮಾಡಿಕೊಂಡ್ವಿ.

ಮಾರನೇ ದಿನ ಮುಂಜಾನೆನ ಕೆಲಸಕ್ಕ ಹತ್ತಿದ್ವಿ. ಭಾರ ಇಳಿಸದ ಹೊರ್ತು ಹೊಸ ಪಾಟಾ ಹಾಕಿದ್ರೂ ನಿಲ್ಲಂಗಿರಲಿಲ್ಲ. ಮಷಿನ್ ಕೆಳಗಿನ ಅರ್ಧ ಫರಸಿ ನಾನೇ ಕಬ್ಬಿಣದ ಹಾರಿ ಹಾಕಿ ಎಬ್ಬಿಸಿದ್ನಿ. ಒಂದು ಕಲ್ಲು ಕಾಲ ಮ್ಯಾಲ ಬಿತ್ತು, ನುಂಗಿಕೊಂಡ್ನಿ. ನಮ್ಮವರು ಜಾಕ್ ಹಚ್ಚಿ ಬಸ್ಸು ಎತ್ತಿ, ಗಾಲಿ ಬಿಚ್ಚಿದ್ರು. ಹಂಗೇ ಬಿಡಲಿಲ್ಲ. ನಾ ಎಬ್ಬಿಸಿದ ಕಲ್ಲು ಒಂದರ ಮ್ಯಾಲೊಂದು ಒಟ್ಟಿ ಚಾಸಿ ಕೆಳಗ ಆಸರ ಕೊಟ್ರು. "ಅದ್ಯಾಕ? ಜಾಕ್ ಐತೆಲ್ಲ?" ಅಂದ್ನಿ. "ಇರಲಿ" ಅಂದ್ರು. ಆ ಒಂದ ಮಾತಿಗೆ ನಾನು ಇವತ್ತಿಗೂ ಕೈ ಮುಗೀತೇನಿ.

ಅವತ್ತು ಮಧ್ಯಾಹ್ನ ಗಾಳಿ ಸತ್ತಿತ್ತು. ಪಡುವಲ ಕಡೆ ಆಕಾಶ ಬೂದಿ ಬಣ್ಣ ಆಗಿತ್ತು. ನಮ್ಮವರು ಬಸ್ಸಿನ ಕೆಳಗ ಅಂಗಾತ ಮಲಗಿ ಪಾಟಾದ ಬೋಲ್ಟ ಬಿಗೀತಿದ್ರು. ಕಾಲ ಎರಡೂ ಹೊರಗ ಚಾಚಿದ್ವು. ನಾನು ಒಳಗ ಬ್ಯಾಳಿಗೆ ಎಸರ ಇಟ್ಟಿದ್ನಿ. ಮೋಟರಸೈಕಲ್ ಸಪ್ಪಳಾತು. ಹಣಿಕಿ ಹಾಕಿ ನೋಡ್ತೇನಿ, ಭಾವ!

ಹಳದಿ ಬಸ್ಸು, ಶಾವಿಗಿ ಹೆಣಮಗಳು ಅಂದ್ರ ನಾಕೂ ತಾಲೂಕಿನ್ಯಾಗ ಯಾರ ಬೇಕಾದವರು ಹೇಳತಿದ್ರು. ಭಾವನ ಕಿವಿಗೂ ಬಿದ್ದಿತ್ತು. ಬಂದಾಂವ ಬಂದಾಂವನ ಚೀರಾಕ ಹತ್ತಿದ.

"ಏ ಈರ್ಯಾ, ಹೊರಗ ಬಾರಲೇ ಭಾಡ್ಯಾ! ಮನಿತನದ ಸೊಸಿನ ಸಂತಿ ಸಂತಿಗೆ ಕೂಡಿಸಿ ಶಾವಿಗಿ ಮಾರಾಕತ್ತೀ? ಹೊರ್ತ್ಯಾಗ ನಾ ತಲಿ ಎತ್ತಿ ತಿರಗಬೇಕೋ ಬ್ಯಾಡೋ?"

ಕೆಳಗಿಂದ ನಮ್ಮವರು, "ಅಣ್ಣಾ, ಬಂದ್ನಿ, ಜರಾ ನಿಲ್ಲು" ಅಂದ್ರು. ಆ ದನಿ ಅಲ್ಲೇ ಕೆಳಗಿಂದ ಬಂದಿತ್ತು. ಕಾಲು ಕಣ್ಣ ಮುಂದ ಇದ್ವು. ಕಂಡೇ ಒದ್ದ. ಜಾಕಿಗೆ ಬರೋಬ್ಬರಿ ಒದ್ದ.

ಜಾಕ್ ಹಾರಿ ಹೋತು. ಬಸ್ಸು ಧಡಲ್ ಅಂತ ಕೆಳಗ ಬಂತು. ಬ್ಯಾಳಿ ಡಬ್ಬಿ ಉರುಳಿತು, ಒಲಿ ಮ್ಯಾಲಿನ ಎಸರ ಅರ್ಧ ತುಳಕಿತು, ನಾನು ಮಷಿನಿಗೆ ಹೋಗಿ ಬಡದ್ನಿ. ಮುಗೀತು, ನನ್ನ ಕುಂಕುಮ ಹೋತು ಅಂದಕೊಂಡ್ನಿ. ಆದ್ರ ಬಸ್ಸು ಪೂರಾ ಇಳೀಲಿಲ್ಲ. ಒಟ್ಟಿದ ಫರಸಿ ಮ್ಯಾಲ ಕುಂತು ನಿಂತಿತ್ತು. ನಡುವ ಇದ್ದಷ್ಟೇ ಜಾಗಾದಾಗ ನಮ್ಮವರು ಹಾವಿನಂಗ ಹರದು ಹೊರಗ ಬಂದ್ರು. ಎದ್ದು ನಿಲ್ಲೋದ್ರಾಗ ಭಾವ ನಾ ಬಿಟ್ಟಿದ್ದ ಹಾರಿ ತಗೊಂಡು ಅವರ ರಟ್ಟಿಗೆ ಹಾಕಿದ. ಕಟ್ ಅಂದದ್ದು ಒಳಗಿನ ನನಗ ಕೇಳಿಸಿತು.

ನಾನು ಕುದಿಯೋ ಎಸರಿನ ಪಾತೇಲಿ ಹಿಡಕೊಂಡೇ ಬಾಗಲಕ ಬಂದ್ನಿ. ಮುಖಕ್ಕ ಗುರಿ ಇಟ್ಟಿದ್ನಿ, ಭುಜಕ್ಕ ಬಿತ್ತು. ಅವನು ಹೌಹಾರಿ ಹಿಂದಕ್ಕ ಸರದಾಗ ನಮ್ಮವರ ಅಂಗಿ ಹಿಡದು ಒಳಗ ಜಗ್ಗಿದ್ನಿ, ಬಾಗಲಾ ಬಡದ್ನಿ, ಚಿಲಕ ಹಾಕಿದ್ನಿ. ಠಣ್ ಅಂತು.

ಒದ್ದ. ಹಾರಿಲೆ ಬಡದ. ಬಾಗಲಾ ಜಗ್ಗಲಿಲ್ಲ. ಆವಾಗ ಕಾಜಿಗೆ ಹತ್ತಿದ. ಒಂದೊಂದ ಒಡೀತ ಬಸ್ಸಿನ ಸುತ್ತ ತಿರುಗಿದ, ಒಡದು ಒಡದು ಬೈತಿದ್ದ. ಕಿಡಕಿಗೆ ನಾವು ಹಚ್ಚಿದ್ದ ಕಬ್ಬಿಣದ ಸರಳ ಇರದಿದ್ರ ಒಳಗ ಬಂದೇ ಬಿಡತಿದ್ದ. ಕಾಜಿನ ಚೂರು ನನ್ನ ಕೂದಲದಾಗ, ಹಿಟ್ಟಿನ್ಯಾಗ, ಹಾಸಿಗಿ ಮ್ಯಾಲ. ನಾನು ಮಷಿನಿನ ಹ್ಯಾಂಡಲ್ ಹಿಡಕೊಂಡು ನಿಂತಿದ್ನಿ. ಕೈ ಒಳಗ ಹಾಕಿದ್ರ ಮುರೀತೇನಿ ಅಂತ ನಿಂತಿದ್ನಿ, ಬರೇ ಅಂಜಿಸಾಕ ಅಲ್ಲ.

ಅಷ್ಟರಾಗ ಗಾಳಿ ಎದ್ದಿತು. ಎಂಥಾ ಗಾಳಿ ಅಂತೀರಿ, ಎರಿ ಹೊಲದ ಮಣ್ಣೆಲ್ಲಾ ಎದ್ದು ಹಗಲ ಕತ್ತಲಾತು. ಭಾವನ ಗಾಡಿ ಉರುಳಿ ಬಿತ್ತು. ಹಿಂದನ ಆಣಿಕಲ್ಲು. ಮೊದಲ ಗೋಲಿ ಅಷ್ಟು, ಆಮ್ಯಾಲ ಹೊರ್ತಿ ಲಿಂಬಿಹಣ್ಣಿನಷ್ಟು. ತಗಡಿನ ಮ್ಯಾಲ ಬಿದ್ರ ಕಿವಿ ಕಿತ್ತು ಹೋಗೋ ಸಪ್ಪಳ. ಸರಳಿನ್ಯಾಗಿಂದ ನೋಡಿದ್ನಿ. ಭಾವ ತಲಿ ಮ್ಯಾಲ ಕೈ ಇಟ್ಟುಕೊಂಡು ಓಡಾಕ ಜಾಗಾ ಹುಡುಕತಿದ್ದ. ಬಯಲಿನ್ಯಾಗ ಎಲ್ಲಿ ಓಡತಾನ? ಬಸ್ಸಿನ ಕೆಳಗ ತೂರಿದ. ಗಾಳಿಗೆ ಬಸ್ಸು ಒಲೀತಿತ್ತು, ಫರಸಿ ಕಿರ್ ಕಿರ್ ಅಂತಿದ್ವು, ಒಂದು ಕಲ್ಲು ಟಚ್ ಅಂತ ಸೀಳಿತು. ಹೆಂಗ ತೂರಿದ್ದನೋ ಹಂಗೇ ಹೊರಗ ಓಡಿ ಬಂದ. ಜಾಕ್ ಒದ್ದಾಂವಗ ಗೊತ್ತಿರಂಗಿಲ್ಲೇನು, ಅದರ ಕೆಳಗ ಮಲಗೋದು ಹೆಂಗಿರತೈತಿ ಅಂತ!

ಬಾಗಲಾ ಬಡದ. ಈ ಸಲ ಹಾರಿಲೆ ಅಲ್ಲ, ಅಂಗೈಲೆ ಬಡದ.

"ಈರಣ್ಣಾ... ಬಾಗಲಾ ತಗಿಯೋ. ತಲಿ ಒಡದೈತೋ. ಸಾಯ್ತೇನೋ."

ನಮ್ಮವರು ಮುರದ ರಟ್ಟಿ ಎದಿಗೆ ಹಚ್ಚಿಕೊಂಡು ಕುಂತಿದ್ರು. ಬಾಗಲಾ ನೋಡಿದ್ರು, ನನ್ನ ನೋಡಿದ್ರು. ಈ ಸಲ ಕಾಲ ಉಗುರು ನೋಡಲಿಲ್ಲ.

"ಚಿಲಕ ನಿನ್ನದು, ರೇಣವ್ವ" ಅಂದ್ರು. "ತಗೀ ಅನ್ನಂಗಿಲ್ಲ ನಾ. ಬ್ಯಾಡ ಅಂತನೂ ಅನ್ನಂಗಿಲ್ಲ."

ಸಾಯಲಿ ಅನಿಸಿತು. ಸುಳ್ಳ್ಯಾಕ ಹೇಳಲಿ, ಚಿಲಕದ ಮ್ಯಾಲ ಕೈ ಇಟ್ಟುಕೊಂಡೇ ಸಾಯಲಿ ಅಂದಕೊಂಡ್ನಿ. ಹೊರಗ ಅವನು ಅಳತಿದ್ದ. ಅವನ ಅಳು ಕೇಳಾಕ ನನಗ ಹಿತಾ ಅನಸ್ತು. ಕಡೀಕ ಬಾಗಲಾ ತಗದ್ನಿ. ದಯಾ ಬಂತು ಅಂತ ತಿಳೀಬ್ಯಾಡ್ರಿ. ನನ್ನ ಬಾಗಲದಾಗ ನಿಂತು ಅವನು ಕೇಳಬೇಕು, ಒಳಗ ನಿಂತು ನಾ ಹೇಳಬೇಕು, ಅದಕ್ಕ ತಗದ್ನಿ.

ರಕ್ತ ಹಣಿ ಮ್ಯಾಲಿಂದ ಗಡ್ಡಕ್ಕ ಇಳದಿತ್ತು. ಮೆಟ್ಟಲಿಗೆ ಕಾಲ ಇಟ್ಟ. ನಾನು ಅಡ್ಡ ನಿಂತ್ನಿ.

"ಭಾವಾರ, ಚಪ್ಪಲಿ ಹೊರಗ ಬಿಡ್ರಿ. ಇದು ಮನಿ."

ಆ ಆಣಿಕಲ್ಲಿನ್ಯಾಗ ನಿಂತು ನನ್ನ ಮುಖಾ ನೋಡಿದ. ಬೆನ್ನಿಗೆ ಒಂದು ಬಿತ್ತು, ಕಿವಿಗೆ ಒಂದು ಬಿತ್ತು. ಬಗ್ಗಿ, ಒಂದೊಂದ ಚಪ್ಪಲಿ ಬಿಚ್ಚಿ, ಜೋಡಿಸಿ ಇಟ್ಟ. ಆಮ್ಯಾಲ ಒಳಗ ಬಂದು ಉಳಿದಿದ್ದ ಫರಸಿ ಮ್ಯಾಲ ಕುಂತ.

ನಾನು ಅರಿಶಿಣ ಮುಷ್ಟಿ ತುಂಬ ತಗೊಂಡು ಗಾಯಕ್ಕ ಒತ್ತಾಕ ಕೈ ಎತ್ತಿದ್ನಿ. ಎತ್ತಿದ ಕೂಡಲೇ ಅವನು ಎರಡೂ ಮೊಳಕೈ ಮುಖಕ್ಕ ಅಡ್ಡ ಹಿಡದು, ತಲಿ ಒಳಗ ಹುಗಿಸಿ ಮುದ್ದಿ ಆದ. ಹೊಡೀತೇನಿ ಅಂದಕೊಂಡಿದ್ದ. ಹೊರ್ತಿ ಮನಿಯಾಗ ಅವನ ಕೈ ಎದ್ದಾಗೆಲ್ಲಾ ನಾನು ಥೇಟ ಹಂಗೇ ಮುದ್ದಿ ಆಗತಿದ್ನಿ. ಮೈ ತುಂಬ ಸಿಟ್ಟಿತ್ತು, ಅದೆಲ್ಲಿ ಹೋತೋ. ಅರಿಶಿಣ ಒತ್ತಿ, ಹಳೆ ಅರಿವಿ ಹರದು ಕಟ್ಟಿದ್ನಿ.

ಮಳಿ ನಿಂತ ಮ್ಯಾಲ ನಾನೇ ಬಾಗಲಾ ತಗದು, "ನಿಂತೈತಿ, ಹೋಗ್ರಿ" ಅಂದ್ನಿ. ಚಪ್ಪಲ್ಯಾಗ ಆಣಿಕಲ್ಲು ತುಂಬಿದ್ವು. ಝಾಡಿಸಿ, ಹಾಕ್ಕೊಂಡು ಹೋದ. ನಮ್ಮವರ ರಟ್ಟಿ ಕೂಡಿದ ಮ್ಯಾಲ ಆ ಬ್ಯಾಸಗಿ ಉಳಿದಷ್ಟು ದಿನಾ ಕಿಡಕಿಗೆ ಕಾಜಿನ ಬದಲಿ ಪತ್ರಾ ಹಚ್ಚಿಕೊಂಡು ತಿರುಗಿದ್ವಿ. ಅದು ಕೂಡೋತನಾ ರಿಪೇರಿಗೆ ಸುತ್ತಿಗಿ ನಾ ಹಿಡದ್ನಿ, ಉಳಿ ಅವರು ಹಿಡದ್ರು.

ಈಗ ಸಿಂದಗ್ಯಾಗ ನಮಗ ಇಟ್ಟಂಗಿ ಮನಿ ಐತಿ. ಬಸ್ಸು ಹಿತ್ತಲದಾಗ ನಿಂತೈತಿ. ಅದರ ಚಿಲಕ ಬಿಚ್ಚಿ ಈ ಮನಿ ಬಾಗಲಕ ಹಚ್ಚಿಸೀನಿ. ಭಾವಗ ವಯಸ್ಸಾಗೇತಿ. ಲಿಂಬಿಹಣ್ಣಿನ ಸುಗ್ಗಿಗೆ ಚೀಲಾ ಹೊತ್ತು ಬರತಾನ. ಬಾಗಲಾ ತೆರದೇ ಇರತೈತಿ. ಆದ್ರೂ ಅಂಗಳದಾಗ ಚಪ್ಪಲಿ ಬಿಟ್ಟು, ಜೋಡಿಸಿ, ಬರಿಗಾಲಲೆ ಬಿಸಲಿನ್ಯಾಗ ನಿಂತು ಕೇಳತಾನ:

"ಒಳಗ ಬರಲೇನವಾ?"

ಒಂದೊಂದ ಸಲ ಬರ್ರಿ ಅಂತೇನಿ. ಒಂದೊಂದ ಸಲ ಅನ್ನಂಗಿಲ್ಲ.